ಸಮತಟ್ಟು ತಾರಸಿಗೆ ಜಲನಿರೋಧಕ ಹಾಳೆ: ಬಿಗಿಯುವ ಕ್ರಮ ಮತ್ತು ಲೆಕ್ಕ ಬರೆಯುವ ಕ್ರಮ

ಮೈಸೂರಿನ ವಾರ್ಷಿಕ ಮಳೆ ಸುಮಾರು 800 ಮಿಲಿಮೀಟರ್. ಕರಾವಳಿಗೆ ಹೋಲಿಸಿದರೆ ಇದು ಅಲ್ಪವೇ ಸರಿ. ಆದರೆ ಮಳೆ ಬೀಳುವ ಕಾಲವು ವರ್ತಕರಿಗೆ ಅನುಕೂಲಕರವಾಗಿಲ್ಲ. ಮೇ ತಿಂಗಳ ಗುಡುಗುಮಳೆಯು ಬಿರುಗಾಳಿಯೊಡನೆ ಬರುತ್ತದೆ. ಸೆಪ್ಟೆಂಬರ್-ಅಕ್ಟೋಬರ್ ತಿಂಗಳ ಮಳೆಯು ದಸರಾ ಮತ್ತು ದೀಪಾವಳಿಯ ವ್ಯಾಪಾರಕ್ಕೆಂದು ದಾಸ್ತಾನು ತುಂಬಿಸಿದ ಸಮಯಕ್ಕೆ ಸರಿಯಾಗಿ ಸುರಿಯುತ್ತದೆ. ಜಯಲಕ್ಷ್ಮಿಪುರಂನಂತಹ ಬಡಾವಣೆಯಲ್ಲಿ ಅಂಗಡಿ, ಕಚೇರಿ ಅಥವಾ ಉಗ್ರಾಣ ಹೊಂದಿರುವವರು ತಾರಸಿಯ ದುರಸ್ತಿಗೆ ಕೈಹಾಕುವ ಮುನ್ನ ಕೆಲಸದ ಕ್ರಮವನ್ನೂ ಅದರ ಲೆಕ್ಕಪತ್ರದ ಪರಿಣಾಮವನ್ನೂ ಅರಿತಿರುವುದು ಅವಶ್ಯಕ.

ಬಿಗಿಯುವ ಕ್ರಮ

ಪಿ.ವಿ.ಸಿ. ಅಥವಾ ಟಿ.ಪಿ.ಒ. ಜಲನಿರೋಧಕ ಹಾಳೆಯನ್ನು ತಾರಸಿಯ ಮೇಲೆ ನಿಲ್ಲಿಸಲು ಮೂರು ವಿಧಾನಗಳಿವೆ: ಅಂಟಿನಿಂದ ಅಂಟಿಸುವುದು, ಜಲ್ಲಿ ಅಥವಾ ಬಿಲ್ಲೆಗಳ ಭಾರ ಹೇರುವುದು, ತಿರುಪು ಮತ್ತು ಲೋಹದ ತಟ್ಟೆಗಳಿಂದ ಬಿಗಿಯುವುದು. ಅಂಟಿಸಲು ತಳವು ಸಂಪೂರ್ಣ ಒಣಗಿ, ಧೂಳಿಲ್ಲದೆ ಇರಬೇಕು. ತೇವ ಉಳಿದ ತಳದ ಮೇಲೆ ಅಂಟಿಸಿದ ಹಾಳೆಯು ಬಿಸಿಲಿಗೆ ಗುಳ್ಳೆ ಏಳುತ್ತದೆ. ಭಾರ ಹೇರುವ ವಿಧಾನವನ್ನು ಹಳೆಯ ಕಟ್ಟಡಗಳು ತಾಳಲಾರವು. ಮೂರನೆಯ ವಿಧಾನದಲ್ಲಿ ತಳದ ತೇವವು ಅಷ್ಟಾಗಿ ಬಾಧಿಸುವುದಿಲ್ಲ, ಭಾರವೂ ಕಡಿಮೆ.

ಕ್ರಮ ಹೀಗಿರುತ್ತದೆ. ಮೊದಲ ಹಾಳೆಯ ಅಂಚಿನ ಉದ್ದಕ್ಕೂ ತಟ್ಟೆಗಳನ್ನಿಟ್ಟು, ರಂಧ್ರ ಕೊರೆದು, ತಿರುಪುಗಳನ್ನು ಬಿಗಿಯಲಾಗುತ್ತದೆ. ಎರಡನೆಯ ಹಾಳೆಯು ಆ ಸಾಲನ್ನು ಪೂರ್ಣವಾಗಿ ಮುಚ್ಚುವಂತೆ ಮೇಲೆ ಬರುತ್ತದೆ. ಬಳಿಕ ಎರಡೂ ಹಾಳೆಗಳನ್ನು ಬಿಸಿಗಾಳಿಯ ಯಂತ್ರದಿಂದ ಬೆಸೆಯಲಾಗುತ್ತದೆ. ಹೀಗೆ ಮಾಡಿದಾಗ ಒಂದು ತಿರುಪೂ ಹೊರಗೆ ಕಾಣುವುದಿಲ್ಲ. ಹಾಳೆಯ ನಡುವೆ ತಿರುಪು ಹೊಡೆದು, ಅದರ ತಲೆಗೆ ಕೇವಲ ಸೀಲೆಂಟ್ ಬಳಿದಿದ್ದರೆ ಅದು ಕಳಪೆ ಕೆಲಸದ ಲಕ್ಷಣ.

ಗಾಳಿಯ ಲೆಕ್ಕ

ಗಾಳಿಯು ತಾರಸಿಯ ಮೇಲೆ ಹಾಯುವಾಗ ಹಾಳೆಯನ್ನು ಕೆಳಗೆ ಒತ್ತುವುದಕ್ಕಿಂತ ಮೇಲಕ್ಕೆ ಸೆಳೆಯುತ್ತದೆ. ಈ ಸೆಳೆತ ನಡುಭಾಗಕ್ಕಿಂತ ಅಂಚಿನಲ್ಲಿ ಹೆಚ್ಚು, ಮೂಲೆಗಳಲ್ಲಿ ಇನ್ನೂ ಹೆಚ್ಚು. ಭಾರತೀಯ ಮಾನಕ 875ರ ಮೂರನೆಯ ಭಾಗದ ಪ್ರಕಾರ ಮೈಸೂರಿನ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್. ವೇಗದ ವರ್ಗವನ್ನು 0.6ರಿಂದ ಗುಣಿಸಿದರೆ ಚದರ ಮೀಟರಿಗೆ ಸುಮಾರು 650 ನ್ಯೂಟನ್ ಒತ್ತಡ ದೊರೆಯುತ್ತದೆ. ಉದಾಹರಣೆಗಾಗಿ, ನಡುಭಾಗದ ಸೆಳೆತ ಇದರಷ್ಟೇ ಎಂದೂ, ಮೂಲೆಯಲ್ಲಿ ಎರಡರಷ್ಟು ಎಂದೂ, ಪ್ರತಿ ತಿರುಪು 400 ನ್ಯೂಟನ್ ಭಾರವನ್ನು ಸುರಕ್ಷಿತವಾಗಿ ಹೊರುವುದೆಂದೂ ಭಾವಿಸೋಣ. ಆಗ ನಡುಭಾಗಕ್ಕೆ ಚದರ ಮೀಟರಿಗೆ 2, ಮೂಲೆಗೆ 4 ತಿರುಪುಗಳು ಬೇಕು. ಕಟ್ಟಡದ ಎತ್ತರ ಮತ್ತು ಪರಿಸರಕ್ಕೆ ತಕ್ಕಂತೆ ನಿಜವಾದ ಸಂಖ್ಯೆಯನ್ನು ಎಂಜಿನಿಯರರೇ ನಿರ್ಧರಿಸಬೇಕು. ಆದರೆ ಇಡೀ ತಾರಸಿಗೆ ಒಂದೇ ಅಂತರ ನಮೂದಿಸಿದ ದರಪಟ್ಟಿಯನ್ನು ಪ್ರಶ್ನಿಸಲು ಇಷ್ಟು ತಿಳಿವಳಿಕೆ ಸಾಕು.

ತಳವು ತಿರುಪನ್ನು ಹಿಡಿಯುವ ಶಕ್ತಿಯನ್ನು ಸ್ಥಳದಲ್ಲೇ ಎಳೆದು ಪರೀಕ್ಷಿಸತಕ್ಕದ್ದು. ಗಟ್ಟಿಯಾದ ಆರ್.ಸಿ.ಸಿ. ಚಪ್ಪಡಿಗೆ ಈ ವಿಧಾನ ಹೊಂದುತ್ತದೆ. ಆದರೆ ಚಪ್ಪಡಿಯೊಳಗೆ ಹುದುಗಿರುವ ವಿದ್ಯುತ್ ಕೊಳವೆಗಳನ್ನು ಮೊದಲೇ ಗುರುತಿಸಬೇಕು. ಮೈಸೂರಿನ ಹಳೆಯ ಮನೆಗಳಲ್ಲಿ ಕಾಣುವ, ಮರದ ತೊಲೆಗಳ ಮೇಲೆ ಇಟ್ಟಿಗೆ ಮತ್ತು ಸುಣ್ಣದ ಗಾರೆಯಿಂದ ಕಟ್ಟಿದ ಮದ್ರಾಸ್ ತಾರಸಿಗೆ ಇದು ತಕ್ಕುದಲ್ಲ. ಅಲ್ಲಿ ತಿರುಪಿಗೆ ನಂಬಲರ್ಹ ಹಿಡಿತ ಸಿಗದು. ಕೊರೆತದ ಅದುರಿಗೆ ಗಾರೆ ಸಡಿಲಗೊಳ್ಳುವುದು.

ಲೆಕ್ಕ ಬರೆಯುವ ಕ್ರಮ

ಈ ವೆಚ್ಚವು ರಾಜಸ್ವ ವೆಚ್ಚವೋ ಬಂಡವಾಳ ವೆಚ್ಚವೋ? ಇರುವ ಆಸ್ತಿಯನ್ನು ಕಾಪಾಡಿ ನಿರ್ವಹಿಸುವ ಖರ್ಚು ಮಾತ್ರ ಚಾಲ್ತಿ ದುರಸ್ತಿ, ಹೊಸ ಆಸ್ತಿ ಅಥವಾ ಹೊಸ ಅನುಕೂಲವನ್ನು ತರುವಂಥದ್ದಲ್ಲ ಎಂಬ ತತ್ವವನ್ನು ಸರ್ವೋಚ್ಚ ನ್ಯಾಯಾಲಯವು 1997ರಲ್ಲಿ ಬಲ್ಲಿಮಲ್ ನವಲ್ ಕಿಶೋರ್ ಪ್ರಕರಣದಲ್ಲೂ, 2007ರಲ್ಲಿ ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲೂ ಎತ್ತಿ ಹಿಡಿದಿದೆ. ಸೋರುವ ಹಳೆಯ ಪದರಕ್ಕೆ ಬದಲಾಗಿ ಹಾಳೆ ಹಾಕಿದರೆ ಅದನ್ನು ದುರಸ್ತಿಯೆಂದು ಸಮರ್ಥಿಸಬಹುದು. ಹೊಸ ಮಹಡಿ ಕಟ್ಟಿ ಅದರ ಮೇಲೆ ಹಾಕಿದರೆ ಅದು ಬಂಡವಾಳ ವೆಚ್ಚ.

ಸರಕು ಮತ್ತು ಸೇವಾ ತೆರಿಗೆಯಲ್ಲೂ ಈ ಭೇದ ಮುಖ್ಯ. ಕಾಯಿದೆಯ 17(5)ನೆಯ ಕಲಮಿನ ಪ್ರಕಾರ ಸ್ಥಿರಾಸ್ತಿಯ ದುರಸ್ತಿ ವೆಚ್ಚವನ್ನು ಬಂಡವಾಳಕ್ಕೆ ಸೇರಿಸಿದ ಮಟ್ಟಿಗೆ ಹೂಡುವಳಿ ತೆರಿಗೆ ಜಮೆ ದೊರೆಯದು. ಉದಾಹರಣೆಗೆ, 2,00,000 ರೂಪಾಯಿಯ ಕೆಲಸಕ್ಕೆ ಶೇಕಡಾ 18ರಂತೆ ತೆರಿಗೆ 36,000 ರೂಪಾಯಿ. ದುರಸ್ತಿಯಾದರೆ, ತೆರಿಗೆಗೆ ಒಳಪಟ್ಟ ವ್ಯವಹಾರ ನಡೆಸುವ ವರ್ತಕನು ಇತರ ಷರತ್ತುಗಳಿಗೆ ಒಳಪಟ್ಟು 36,000 ರೂಪಾಯಿಯ ಜಮೆ ಪಡೆದು, 2,00,000 ರೂಪಾಯಿಯನ್ನು ಆ ವರ್ಷವೇ ಖರ್ಚು ಹಾಕಬಹುದು. ಬಂಡವಾಳವಾದರೆ 2,36,000 ರೂಪಾಯಿಯ ಮೇಲೆ ಶೇಕಡಾ 10ರ ದರದಲ್ಲಿ ಮೊದಲ ವರ್ಷ ದೊರೆಯುವ ಸವಕಳಿ 23,600 ರೂಪಾಯಿ ಮಾತ್ರ. ಹಾಗೆಂದು ಲಾಭ ನೋಡಿ ಖಾತೆ ಆರಿಸಲಾಗದು. ಕೆಲಸದ ಸ್ವರೂಪವೇ ಖಾತೆಯನ್ನು ನಿರ್ಧರಿಸುತ್ತದೆ. ಆದ್ದರಿಂದ ಹಳೆಯ ಸೋರಿಕೆಯ ಛಾಯಾಚಿತ್ರ, ಎಂಜಿನಿಯರರ ವರದಿ ಹಾಗೂ ಕೆಲಸದ ವಿವರವುಳ್ಳ ಬಿಲ್ಲನ್ನು ಕಾಯ್ದಿರಿಸಬೇಕು. ಕಟ್ಟಡ ಬಾಡಿಗೆಯದಾಗಿದ್ದರೆ ದುರಸ್ತಿಯ ಹೊಣೆ ಯಾರದೆಂಬುದು ಕರಾರುಪತ್ರದಲ್ಲಿ ಸ್ಪಷ್ಟವಾಗಿರಬೇಕು.

ದುರಸ್ತಿ ಮುಂದೂಡುವುದಕ್ಕೂ ಬೆಲೆಯುಂಟು. ನೆನೆದು ಹಾಳಾದ ಸರಕಿನ ಮೇಲೆ ಪಡೆದ ತೆರಿಗೆ ಜಮೆಯನ್ನು ಅದೇ ಕಲಮಿನಂತೆ ಹಿಂತಿರುಗಿಸಬೇಕಾಗುತ್ತದೆ. ಶೇಕಡಾ 18ರ ದರದ 5,00,000 ರೂಪಾಯಿಯ ಸರಕು ನಾಶವಾದರೆ, ಸರಕಿನ ನಷ್ಟದ ಜೊತೆಗೆ 90,000 ರೂಪಾಯಿಯ ಜಮೆಯೂ ಹೋಗುತ್ತದೆ. ನಿರ್ವಹಣೆಯ ಲೋಪದಿಂದ ಕ್ರಮೇಣ ಆದ ಸೋರಿಕೆಗೆ ವಿಮೆಯ ಪರಿಹಾರವನ್ನು ನೆಚ್ಚಿಕೊಳ್ಳುವಂತಿಲ್ಲ.

ಕರಾರಿನಲ್ಲಿ ಇರಬೇಕಾದ ಅಂಶಗಳು

1. ಹಾಳೆಯ ದಪ್ಪ ಹಾಗೂ ನಡುಭಾಗ, ಅಂಚು, ಮೂಲೆಗಳಿಗೆ ಪ್ರತ್ಯೇಕವಾಗಿ ತಿರುಪಿನ ಸಂಖ್ಯೆ.
2. ಅಳತೆಯು ಮುಗಿದ ತಾರಸಿಯ ವಿಸ್ತೀರ್ಣದಂತೆಯೋ, ಒಂದರ ಮೇಲೊಂದು ಬರುವ ಭಾಗವನ್ನೂ ಸೇರಿಸಿಯೋ ಎಂಬ ಸ್ಪಷ್ಟನೆ.
3. ಎಳೆತದ ಪರೀಕ್ಷೆಯ ಫಲಿತಾಂಶ ಮತ್ತು ಬೆಸುಗೆಯ ಉದ್ದಕ್ಕೂ ತಪಾಸಣೆ.
4. ಸಾಮಗ್ರಿಗೆ ಮತ್ತು ಕೆಲಸಕ್ಕೆ ಬೇರೆ ಬೇರೆ ಲಿಖಿತ ಖಾತರಿ.
5. ಬಿಲ್ಲಿನ ಒಂದು ಭಾಗವನ್ನು ಒಂದು ಮಳೆಗಾಲ ಮುಗಿಯುವವರೆಗೆ ತಡೆಹಿಡಿಯುವ ಷರತ್ತು.

ಇವುಗಳಲ್ಲಿ ಕೊನೆಯದನ್ನು ಒಪ್ಪದ ಗುತ್ತಿಗೆದಾರನ ದರ ಎಷ್ಟೇ ಕಡಿಮೆಯಿದ್ದರೂ ಮತ್ತೊಮ್ಮೆ ಯೋಚಿಸುವುದು ಲೇಸು. ಫೆಬ್ರವರಿ-ಮಾರ್ಚ್ ತಿಂಗಳಿನಲ್ಲೇ ಕೆಲಸ ಮುಗಿಸಿಕೊಂಡರೆ ತಳವು ಒಣಗಿರುತ್ತದೆ, ಮೇ ತಿಂಗಳ ಗಾಳಿಮಳೆಗೆ ಮುನ್ನ ಲೋಪಗಳನ್ನು ಸರಿಪಡಿಸಲು ಅವಕಾಶವೂ ದೊರೆಯುತ್ತದೆ.