ಪ್ಲಾನ್ ಮುಗಿಯೋ ಮುಂಚೆ ಒಂದು ವಾರ ಅಳೆದು ನೋಡಿ

ಹೋದ ಸೆಮಿಸ್ಟರ್ ರಜೆಗೆ ದಾವಣಗೆರೆಗೆ ಹೋದಾಗ, ಬ್ಯಾಗ್ ಕೆಳಗಿಡೋ ಮುಂಚೆನೇ ಅಕ್ಕ ಕೇಳಿದ್ದು ಒಂದೇ ಪ್ರಶ್ನೆ: "ನೀನು ಇಸಿ ಓದ್ತಿದೀಯಲ್ಲ, ಈ ನೆಟ್ ಒಂದು ಸರಿ ಮಾಡೋಕಾಗಲ್ವೇನೇ?"

ವಿಷಯ ಸಣ್ಣದಾಗಿರಲಿಲ್ಲ. ಅಮ್ಮನಿಗೆ ಮಂಡಿ ಆಪರೇಷನ್ ಆಗಿತ್ತು. ನೋಡಿಕೊಳ್ಳೋಕೆ ಅಂತ ಅಕ್ಕ ಬೆಂಗಳೂರಿನ ಪಿಜಿ ಬಿಟ್ಟು, ಮನೆಯಿಂದಲೇ ಕೆಲಸ ಮಾಡೋಕೆ ಪರ್ಮಿಷನ್ ತಗೊಂಡು ಬಂದಿದ್ದಳು. ದಿನಾ ಸಂಜೆ 7ರಿಂದ 9ರವರೆಗೆ ಅವಳಿಗೆ ಅಮೆರಿಕದ ಟೀಮ್ ಜೊತೆ ಕಾಲ್. ಸರಿಯಾಗಿ ಅದೇ ಹೊತ್ತಿಗೆ ನಮ್ಮ ಬ್ರಾಡ್‌ಬ್ಯಾಂಡ್ ಕೈ ಕೊಡ್ತಿತ್ತು. ಮುಖ ಫ್ರೀಜ್, ಮಾತು ತುಂಡು ತುಂಡು. "ಹೀಗೇ ಆದ್ರೆ ಆಫೀಸಿಗೆ ವಾಪಸ್ ಬರಬೇಕಾಗುತ್ತೆ" ಅಂತ ಮ್ಯಾನೇಜರ್ ಎರಡು ಸಲ ಹೇಳಿದ್ದರು. ಅಕ್ಕ ಹೋದರೆ ಅಮ್ಮನ ಜೊತೆ ಹಗಲು ಹೊತ್ತು ಯಾರೂ ಇರಲ್ಲ.

ಅದೇ ತಿಂಗಳ ಕೊನೆಗೆ ನಮ್ಮ ಒಂದು ವರ್ಷದ ಪ್ಲಾನ್ ಮುಗೀತಿತ್ತು. ಅಕ್ಕ ಹೇಳಿದ್ದು, "ಬೇರೆ ಕಂಪನಿ ಹಾಕ್ಸೋಣ." ಅಪ್ಪ ಹೇಳಿದ್ದು, "ಕೇಬಲ್‌ನವರು ನಮಗೆ ಹತ್ತು ವರ್ಷದಿಂದ ಗೊತ್ತು. ಫೋನ್ ಮಾಡಿದ್ರೆ ಹತ್ತು ನಿಮಿಷದಲ್ಲಿ ಬರ್ತಾರೆ. ಕಂಪನಿಯವರು ಬರ್ತಾರಾ? ಬೇಕಾದ್ರೆ ಅವರ ಹತ್ರಾನೇ ದೊಡ್ಡ ಪ್ಲಾನ್ ತಗೊಳ್ಳೋಣ."

ಇಬ್ಬರ ಮಾತಲ್ಲೂ ಅರ್ಥ ಇತ್ತು. ಆದರೆ ಪ್ರಾಬ್ಲಮ್ ಎಲ್ಲಿದೆ ಅಂತ ಇಬ್ಬರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಹಾಗಾಗಿ ಒಂದು ವಾರ ಟೈಮ್ ಕೇಳಿದೆ. ಆ ವಾರದಲ್ಲಿ ಕಲಿತದ್ದೇ ಈ ಲೇಖನ. ನಿಮ್ಮ ಮನೆಯಲ್ಲೋ, ಫ್ರೆಂಡ್ಸ್ ಜೊತೆ ಇರೋ ಬಾಡಿಗೆ ರೂಮಿನಲ್ಲೋ ಪ್ಲಾನ್ ಮುಗಿಯೋಕೆ ಬಂದಿದ್ದರೆ ಉಪಯೋಗಕ್ಕೆ ಬರಬಹುದು.

ಮೊದಲನೇ ಪಾಠ: ಹಳೆಯದನ್ನು ಅಳೆಯಿರಿ

ನಮ್ಮದು 100 ಎಂಬಿಪಿಎಸ್ ಪ್ಲಾನ್. ಇಲ್ಲಿರೋದು ಬಿಟ್, ಬೈಟ್ ಅಲ್ಲ. 8ರಿಂದ ಭಾಗಿಸಿದರೆ ಸೆಕೆಂಡಿಗೆ 12.5 ಮೆಗಾಬೈಟ್. ಡೌನ್‌ಲೋಡ್ ಮಾಡುವಾಗ 12 ಅಂತ ತೋರಿಸಿದರೆ ಯಾರೂ ಮೋಸ ಮಾಡ್ತಿಲ್ಲ, ಲೆಕ್ಕ ಸರಿಯಾಗೇ ಇದೆ.

ನಾನು ದಿನಕ್ಕೆ ಎರಡು ಹೊತ್ತು, ಬೆಳಿಗ್ಗೆ 7ಕ್ಕೆ ಮತ್ತು ರಾತ್ರಿ 8:30ಕ್ಕೆ, ಎರಡು ಥರ ಟೆಸ್ಟ್ ಮಾಡಿದೆ. ಒಂದು, ರೂಟರ್‌ಗೆ ಲ್ಯಾನ್ ಕೇಬಲ್ ಹಾಕಿದ ಅಪ್ಪನ ಹಳೇ ಲ್ಯಾಪ್‌ಟಾಪ್‌ನಲ್ಲಿ. ಇನ್ನೊಂದು, ಅಕ್ಕ ಕೂರೋ ಹಿಂದಿನ ರೂಮಿನಲ್ಲಿ ವೈಫೈ ಮೇಲೆ. ಒಂದು ವಾರದ ನಂತರ ನೋಟ್‌ಬುಕ್‌ನಲ್ಲಿ ಇದ್ದದ್ದು ಹೆಚ್ಚುಕಮ್ಮಿ ಇಷ್ಟು:

ಬೆಳಿಗ್ಗೆ, ಕೇಬಲ್: 93 ಎಂಬಿಪಿಎಸ್
ಬೆಳಿಗ್ಗೆ, ಹಿಂದಿನ ರೂಮ್ ವೈಫೈ: 22
ರಾತ್ರಿ, ಕೇಬಲ್: 17
ರಾತ್ರಿ, ಹಿಂದಿನ ರೂಮ್ ವೈಫೈ: 8

ಈ ನಾಲ್ಕು ನಂಬರ್ ನೋಡಿದ ತಕ್ಷಣ ಒಂದು ವಿಷಯ ಸ್ಪಷ್ಟ ಆಯ್ತು. ನಮ್ಮ ಮನೆಯಲ್ಲಿ ಇರೋದು ಒಂದು ಪ್ರಾಬ್ಲಮ್ ಅಲ್ಲ, ಎರಡು. ಬೆಳಿಗ್ಗೆಯೇ 93 ಇದ್ದದ್ದು ಹಿಂದಿನ ರೂಮಿಗೆ ಹೋಗುವಷ್ಟರಲ್ಲಿ 22 ಆಗ್ತಿದೆ ಅಂದ್ರೆ ಅದು ನಮ್ಮದೇ ತಪ್ಪು. ಕೇಬಲ್‌ನಲ್ಲೇ 93 ಇದ್ದದ್ದು ರಾತ್ರಿ 17ಕ್ಕೆ ಇಳೀತಿದೆ ಅಂದ್ರೆ ಅದು ಮನೆಯಿಂದ ಆಚೆಗಿನ ತಪ್ಪು. ಅಳೆಯದೇ ಕಂಪನಿ ಬದಲಾಯಿಸಿದ್ದರೆ ಮೊದಲನೆಯದು ಹಾಗೇ ಉಳೀತಿತ್ತು, ಹೊಸ ಕಂಪನಿಯನ್ನೂ ಬೈಕೊಂಡು ಕೂರ್ತಿದ್ವಿ.

ಮನೆಯೊಳಗಿನ ತಪ್ಪು

ನಮ್ಮ ರೂಟರ್ ಹಾಲ್‌ನಲ್ಲಿ ಟಿವಿ ಹಿಂದೆ, ಮೂಲೆಯಲ್ಲಿ ಇತ್ತು. ಅಲ್ಲಿಂದ ಅಕ್ಕನ ರೂಮಿಗೆ ಎರಡು ಗೋಡೆ, ಮಧ್ಯದಲ್ಲಿ ಒಂದು ಬೀರು. ವೈಫೈ 5 ಗಿಗಾಹರ್ಟ್ಸ್‌ನಲ್ಲಿ ಸ್ಪೀಡ್ ಜಾಸ್ತಿ, ಆದರೆ ಗೋಡೆ ದಾಟೋದು ಕಷ್ಟ. 2.4 ಗಿಗಾಹರ್ಟ್ಸ್ ದೂರ ಹೋಗುತ್ತೆ, ಆದರೆ ಅಕ್ಕಪಕ್ಕದ ಮನೆಗಳ ರೂಟರ್‌ಗಳೆಲ್ಲ ಅಲ್ಲೇ ಕೂತಿರ್ತವೆ. ಆ ಬ್ಯಾಂಡ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ ಸಾಮಾನ್ಯವಾಗಿ ಮೂರೇ: 1, 6 ಮತ್ತು 11.

ಪರಿಹಾರ ಸುಲಭ ಇತ್ತು. 15 ಮೀಟರ್ ಲ್ಯಾನ್ ಕೇಬಲ್ ತಂದು, ಬಾಗಿಲ ಚೌಕಟ್ಟಿನ ಮೇಲಿಂದ ಎಳೆದು ಅಕ್ಕನ ಟೇಬಲ್‌ಗೆ ಕೊಟ್ಟೆ. ಬೆಳಿಗ್ಗೆ ಅವಳ ಲ್ಯಾಪ್‌ಟಾಪ್‌ನಲ್ಲೂ 93 ಬಂತು. ಅಮ್ಮ ಮಾತ್ರ "ಬಟ್ಟೆ ಒಣಗಿಸೋ ತಂತಿ ಹಾಗೆ ಕಾಣುತ್ತೆ" ಅಂದ್ರು.

ಇಲ್ಲೇ ಇನ್ನೊಂದು ಮಾತು. ಕೆಲವು ಕಡಿಮೆ ಬೆಲೆಯ ರೂಟರ್‌ಗಳ ಲ್ಯಾನ್ ಪೋರ್ಟ್ 100 ಎಂಬಿಪಿಎಸ್‌ನದ್ದೇ ಇರುತ್ತೆ. ಅದಕ್ಕೆ 200ರ ಪ್ಲಾನ್ ಹಾಕಿಸಿದರೂ ಕೇಬಲ್‌ನಲ್ಲಿ 100 ದಾಟಲ್ಲ. ಪ್ಲಾನ್ ದೊಡ್ಡದು ಮಾಡೋ ಮುಂಚೆ ಪೋರ್ಟ್ ಗಿಗಾಬಿಟ್ ಇದೆಯಾ ಅಂತ ನೋಡಿ.

ಮನೆಯಾಚೆಗಿನ ತಪ್ಪು

ರಾತ್ರಿ ಮಾತ್ರ ಯಾಕೆ ಸ್ಲೋ? ಮೊದಲು ಫೈಬರ್ ಸರಿ ಇದೆಯಾ ನೋಡಿದೆ. ಗೋಡೆ ಮೇಲಿನ ಫೈಬರ್ ಬಾಕ್ಸ್‌ನ ಸೆಟ್ಟಿಂಗ್ಸ್ ಪೇಜಲ್ಲಿ ಒಳಗೆ ಬರೋ ಬೆಳಕಿನ ಪವರ್ ಎಷ್ಟು ಅಂತ ತೋರಿಸುತ್ತೆ. ಸಾಮಾನ್ಯ ಜಿಪಾನ್ ಬಾಕ್ಸ್‌ಗೆ ಮೈನಸ್ 27 ಡಿಬಿಎಂ ಹತ್ತಿರ ಹೋದರೆ ಅಂಚಿಗೆ ಬಂದಿದೆ ಅಂತ ಅರ್ಥ. ನಮ್ಮದು ಮೈನಸ್ 21 ಇತ್ತು, ಬೆಳಿಗ್ಗೆನೂ ರಾತ್ರಿನೂ ಅಷ್ಟೇ. ಅಂದ್ರೆ ವೈರ್ ಚೆನ್ನಾಗಿದೆ.

ಆಮೇಲೆ ಬೆಂಗಳೂರಿನ ಒಂದು ಸರ್ವರ್‌ಗೆ ಪಿಂಗ್ ಹಾಕಿದೆ. ಬೆಳಿಗ್ಗೆ 12 ಮಿಲಿಸೆಕೆಂಡ್, ರಾತ್ರಿ 140. ಜೊತೆಗೆ 100 ಪ್ಯಾಕೆಟ್‌ನಲ್ಲಿ 4 ಮಾಯ. ಗಾಜಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತೆ. ದಾವಣಗೆರೆ ಬೆಂಗಳೂರು ಸುಮಾರು 260 ಕಿಲೋಮೀಟರ್, ಹೋಗಿ ಬರೋಕೆ ಬೆಳಕಿಗೆ 3 ಮಿಲಿಸೆಕೆಂಡ್ ಕೂಡ ಬೇಡ. ದೂರ ರಾತ್ರಿ ಹೊತ್ತು ಜಾಸ್ತಿ ಆಗಲ್ಲ. ಹಾಗಾದರೆ ಆ 140ರಲ್ಲಿ ಹೆಚ್ಚಿನದ್ದೆಲ್ಲ ಎಲ್ಲೋ ಕ್ಯೂನಲ್ಲಿ ನಿಂತು ಕಾದ ಟೈಮ್. ಕ್ಯೂ ತುಂಬಿದಾಗ ಬಂದ ಪ್ಯಾಕೆಟ್ ಬಿಸಾಕ್ತಾರೆ, ಅದೇ ಆ 4.

ಕ್ಯೂ ಯಾಕೆ ಆಗುತ್ತೆ? ಫೈಬರ್ ಅಂದ್ರೆ ನಮ್ಮ ಮನೆಗೆ ಅಂತಲೇ ಒಂದು ಪೂರ್ತಿ ದಾರಿ ಇರುತ್ತೆ ಅಂತ ನಾನು ಅಂದುಕೊಂಡಿದ್ದೆ. ಹಾಗಿಲ್ಲ. ಜಿಪಾನ್‌ನಲ್ಲಿ ಒಂದು ಫೈಬರ್ ಬಂದು ಸ್ಪ್ಲಿಟರ್‌ನಲ್ಲಿ 32 ಅಥವಾ 64 ಮನೆಗಳಿಗೆ ಕವಲಾಗುತ್ತೆ. ಕೆಳಮುಖವಾಗಿ ಒಟ್ಟು ಸುಮಾರು 2.5 ಗಿಗಾಬಿಟ್, ಮೇಲ್ಮುಖವಾಗಿ ಸುಮಾರು 1.25. 32 ಮನೆಯವರೂ ಒಟ್ಟಿಗೆ ಪೂರ್ತಿ ಎಳೆದರೆ ತಲೆಗೆ 78 ಎಂಬಿಪಿಎಸ್ ಬರುತ್ತೆ, 64 ಮನೆ ಆದರೆ 39. ಇದರ ಮೇಲೆ ಆಪರೇಟರ್ ತಾನು ದೊಡ್ಡ ಕಂಪನಿಯಿಂದ ಕೊಂಡ ಬ್ಯಾಂಡ್‌ವಿಡ್ತ್ ಅನ್ನು ಇಡೀ ಏರಿಯಾಗೆ ಹಂಚಬೇಕು. ಎಲ್ಲರೂ ಒಂದೇ ಹೊತ್ತಿಗೆ ಬಳಸಲ್ಲ ಅನ್ನೋ ಲೆಕ್ಕದಲ್ಲೇ ಎಲ್ಲ ಕಂಪನಿಗಳೂ ನಡೀತವೆ. ಆ ಲೆಕ್ಕ ತಪ್ಪೋದು ರಾತ್ರಿ ಊಟದ ಹೊತ್ತಿಗೆ, ಎಲ್ಲರ ಟಿವಿಯೂ ಆನ್ ಆದಾಗ.

ಇದರಿಂದ ಅಪ್ಪನ ಐಡಿಯಾಗೂ ಉತ್ತರ ಸಿಕ್ತು. 100 ಇದ್ದದ್ದನ್ನು 200ರ ಪ್ಲಾನ್ ಮಾಡಿದರೆ ನಮ್ಮ ಗೇಟ್ ದೊಡ್ಡದಾಗುತ್ತೆ, ಬೀದಿಯ ಟ್ರಾಫಿಕ್ ಹಾಗೇ ಇರುತ್ತೆ.

ಹೊಸದನ್ನು ಆರಿಸೋದು

ಈಗ ಪ್ರಶ್ನೆ ಚಿಕ್ಕದಾಯ್ತು. ನಮಗೆ ಬೇಕಾದ್ದು 300 ಎಂಬಿಪಿಎಸ್ ಅಲ್ಲ. ಒಂದು ಒಳ್ಳೆ ವಿಡಿಯೋ ಕಾಲ್‌ಗೆ ಮೇಲೂ ಕೆಳಗೂ 3-4 ಎಂಬಿಪಿಎಸ್ ಸಾಕು. ಅದು ರಾತ್ರಿ 8:30ಕ್ಕೂ ಅಲುಗಾಡದೆ ಇರಬೇಕು. ಜಾಹೀರಾತಿನಲ್ಲಿ ಈ ನಂಬರ್ ಇರಲ್ಲ, ಬೀದಿಯವರ ಹತ್ತಿರ ಇರುತ್ತೆ. ಎದುರು ಮನೆ ಆಂಟಿ ಹತ್ತಿರ ಒಂದು ದೊಡ್ಡ ಕಂಪನಿಯ ಫೈಬರ್ ಇತ್ತು. ಮೂರು ರಾತ್ರಿ ಅವರ ಮನೆಗೆ ಹೋಗಿ ಟೆಸ್ಟ್ ಮಾಡಿದೆ. ಕೇಸರಿಬಾತ್ ಕೂಡ ಸಿಕ್ತು. 50ರ ಪ್ಲಾನ್‌ನಲ್ಲಿ ರಾತ್ರಿ 45ರ ಮೇಲೇ ಇತ್ತು. 5ಜಿ ಸಿಗ್ನಲ್‌ನಿಂದ ಕೊಡೋ ವೈರ್‌ಲೆಸ್ ಬ್ರಾಡ್‌ಬ್ಯಾಂಡ್ ಕೂಡ ಒಂದು ಆಯ್ಕೆ. ಫೈಬರ್ ಬರದ ಕಡೆ ಅದು ಒಳ್ಳೇದೇ. ಆದರೆ ಅಲ್ಲಿ ಟವರ್ ಅನ್ನು ಏರಿಯಾದ ಮೊಬೈಲ್‌ಗಳ ಜೊತೆ ಹಂಚಿಕೊಳ್ಳಬೇಕು. ಫೈಬರ್ ಸಿಗ್ತಿರುವಾಗ ನಮಗೆ ಬೇಡ ಅನ್ನಿಸಿತು.

ದುಡ್ಡಿನ ಲೆಕ್ಕವನ್ನೂ ಒಂದು ಸಲ ಪೂರ್ತಿ ಮಾಡಿ. "ತಿಂಗಳಿಗೆ 500 ಮಾತ್ರ" ಅಂತ ಇದೆ ಅಂದುಕೊಳ್ಳಿ. ವರ್ಷಕ್ಕೆ 6000. ಅದಕ್ಕೆ 18 ಪರ್ಸೆಂಟ್ ಜಿಎಸ್‌ಟಿ 1080. ಇನ್‌ಸ್ಟಾಲೇಶನ್ 1000, ಅದಕ್ಕೂ ಜಿಎಸ್‌ಟಿ 180. ಒಟ್ಟು 8260. 12ರಿಂದ ಭಾಗಿಸಿದರೆ ತಿಂಗಳಿಗೆ 688. ಎರಡು ಕಂಪನಿ ಹೋಲಿಸುವಾಗ ಈ ಕೊನೆಯ ನಂಬರ್ ಹೋಲಿಸಿ, ಪೋಸ್ಟರ್ ಮೇಲಿನದ್ದನ್ನಲ್ಲ.

"ಅನ್‌ಲಿಮಿಟೆಡ್" ಅಂದರೂ ಒಂದು ಮಿತಿ ಇರುತ್ತೆ. ಎಷ್ಟೋ ಪ್ಲಾನ್‌ಗಳಲ್ಲಿ ಅದು ತಿಂಗಳಿಗೆ ಸುಮಾರು 3300 ಜಿಬಿ, ಅಂದ್ರೆ ದಿನಕ್ಕೆ 110. ನಾಲ್ಕು ಜನರ ಮನೆಗೆ ಧಾರಾಳ ಸಾಕು. ಆದರೆ ಮಿತಿ ಚಿಕ್ಕದಿದ್ದರೆ, ಅದು ಮುಗಿದ ಮೇಲೆ ಸ್ಪೀಡ್ ಎಷ್ಟಕ್ಕೆ ಇಳಿಯುತ್ತೆ ಅಂತ ಕೇಳಿ.

ನಮ್ಮಂಥವರಿಗೆ ಒಂದು ಎಕ್ಸ್‌ಟ್ರಾ ಪ್ರಶ್ನೆ. ಮನೆಯಲ್ಲಿ ರಾಸ್‌ಬೆರಿ ಪೈ ಇಟ್ಟು ಹಾಸ್ಟೆಲ್‌ನಿಂದ ಕನೆಕ್ಟ್ ಮಾಡೋ ಪ್ಲಾನ್ ಇದ್ದರೆ ಪಬ್ಲಿಕ್ ಐಪಿ ಕೊಡ್ತಾರಾ ಕೇಳಿ. ರೂಟರ್‌ನ ವ್ಯಾನ್ ಅಡ್ರೆಸ್ 100.64ರಿಂದ 100.127ರ ಒಳಗೆ ಇದ್ದರೆ ನೀವು ಬೇರೆಯವರ ಜೊತೆ ಒಂದೇ ಐಪಿ ಹಂಚಿಕೊಂಡಿದ್ದೀರಿ. ಹೊರಗಿಂದ ನೇರವಾಗಿ ಒಳಗೆ ಬರೋಕಾಗಲ್ಲ.

ಬದಲಾಯಿಸೋ ದಿನ

ಮೊಬೈಲ್ ನಂಬರ್ ಪೋರ್ಟ್ ಮಾಡೋ ಹಾಗೆ ಬ್ರಾಡ್‌ಬ್ಯಾಂಡ್ ಪೋರ್ಟ್ ಆಗಲ್ಲ. ಹೊಸದು ಬೇರೆ ವೈರ್, ಹಳೆಯದನ್ನು ನೀವೇ ಕ್ಲೋಸ್ ಮಾಡಿಸಬೇಕು. ಹಾಗಾಗಿ ಹಳೆಯದು ಮುಗಿಯೋಕೆ ಹತ್ತು ದಿನ ಇರುವಾಗಲೇ ಹೊಸದು ಹಾಕಿಸಿದ್ವಿ, ಅದೂ ತಿಂಗಳ ಲೆಕ್ಕದ 50 ಎಂಬಿಪಿಎಸ್ ಪ್ಲಾನ್. ವರ್ಷದ್ದಕ್ಕೆ ಡಿಸ್ಕೌಂಟ್ ಇತ್ತು, ಆದರೆ ನೋಡದೆ ವರ್ಷದ ದುಡ್ಡು ಕೊಡೋದು ಬೇಡ ಅಂತ ಅಪ್ಪನೇ ಹೇಳಿದರು.

ಹಳೇ ಕೇಬಲ್ ಅಂಕಲ್‌ಗೆ ಹೇಳೋದು ಕಷ್ಟದ ಕೆಲಸ. ಅಪ್ಪ ನನ್ನನ್ನೇ ಮುಂದೆ ತಳ್ಳಿದರು. ನೋಟ್‌ಬುಕ್ ತೋರಿಸಿದೆ. ಅವರು ಬೆಳಿಗ್ಗೆಯ ನಂಬರ್, ರಾತ್ರಿಯ ನಂಬರ್ ಎರಡನ್ನೂ ನೋಡಿ, "ನಿಜ ಪುಟ್ಟಿ, ಸಂಜೆ ಫುಲ್ ಆಗುತ್ತೆ. ಲೈನ್ ಜಾಸ್ತಿ ಮಾಡ್ಸೋಕೆ ಇನ್ನೂ ಆರು ತಿಂಗಳಾದ್ರೂ ಬೇಕು" ಅಂದರು. ಆಮೇಲೆ ಅಪ್ಪನ ಕಡೆ ತಿರುಗಿ, "ಮಗಳ ಕೆಲಸ ಮುಖ್ಯ ಸರ್. ಟಿವಿ ಕನೆಕ್ಷನ್ ಮಾತ್ರ ಬಿಡಬೇಡಿ" ಅಂದರು. ಬಿಟ್ಟಿಲ್ಲ. ಬಾಕ್ಸ್ ವಾಪಸ್ ಕೊಟ್ಟು, ಕೊಟ್ಟಿದ್ದಕ್ಕೆ ಬರೆಸಿಕೊಂಡು, ಡೆಪಾಸಿಟ್ ತಗೊಂಡ್ವಿ.

ಹೊಸದು ಹೇಗಿದೆ? ರಾತ್ರಿ 8:30ಕ್ಕೆ 47, ಪಿಂಗ್ 14. ಅಕ್ಕನ ಕಾಲ್ ತುಂಡಾಗಿಲ್ಲ. ಆದರೆ ಅಪ್ಪನ ಮಾತೂ ಸುಳ್ಳಾಗಲಿಲ್ಲ. ಮೂರನೇ ವಾರ ಬೀದಿಯಲ್ಲಿ ಯಾರೋ ಪೈಪ್‌ಗೆ ಅಗೆದು ಫೈಬರ್ ಕಟ್ ಆಯ್ತು. ಬಾಕ್ಸ್‌ನಲ್ಲಿ ಎಲ್‌ಓಎಸ್ ಅನ್ನೋ ಕೆಂಪು ಲೈಟ್ ಮಿಣುಕ್ತಿತ್ತು. ಸರಿಯಾಗೋಕೆ ಎರಡು ದಿನ. ಅಕ್ಕ ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಕಳೆದಳು. ಹಾಗಾಗಿ ರಿಪೇರಿಗೆ ಎಷ್ಟು ದಿನ ತಗೋತಾರೆ ಅನ್ನೋದನ್ನೂ ಅಕ್ಕಪಕ್ಕದವರ ಹತ್ತಿರ ಕೇಳಿಟ್ಟುಕೊಳ್ಳಿ. ಕಂಪ್ಲೇಂಟ್ ಕೊಟ್ಟಾಗ ಡಾಕೆಟ್ ನಂಬರ್ ಬರೆದಿಡಿ. ಟ್ರಾಯ್ ನಮ್ಮ ಒಬ್ಬೊಬ್ಬರ ದೂರನ್ನು ನೇರವಾಗಿ ತಗೊಳ್ಳಲ್ಲ. ಅದರ 2012ರ ನಿಯಮದಲ್ಲಿ ಎರಡು ಹಂತ ಇದೆ: ಮೊದಲು ಕಂಪನಿಯ ಕಂಪ್ಲೇಂಟ್ ಸೆಂಟರ್, ಅಲ್ಲಿ ಆಗದಿದ್ದರೆ ಅದೇ ಕಂಪನಿಯ ಅಪೀಲು ಪ್ರಾಧಿಕಾರ. ಎರಡನೇ ಹಂತಕ್ಕೆ ಹೋಗುವಾಗ ಆ ನಂಬರ್ ಬೇಕಾಗುತ್ತೆ.

ಒಟ್ಟಿನಲ್ಲಿ ಇಷ್ಟು ಮಾಡಿ. ಪ್ಲಾನ್ ಮುಗಿಯೋಕೆ ಒಂದು ತಿಂಗಳು ಇರುವಾಗ ಒಂದು ವಾರ, ಕೇಬಲ್ ಮತ್ತು ವೈಫೈ, ಬೆಳಿಗ್ಗೆ ಮತ್ತು ರಾತ್ರಿ ಅಳೆಯಿರಿ. ತಪ್ಪು ಒಳಗಿದ್ದರೆ ಒಳಗೆ ಸರಿ ಮಾಡಿ, ದುಡ್ಡು ಉಳಿಯುತ್ತೆ. ಹೊರಗಿದ್ದರೆ ಬೀದಿಯವರ ಮನೆಯಲ್ಲಿ ರಾತ್ರಿ ಟೆಸ್ಟ್ ಮಾಡಿ ಆಮೇಲೆ ಆರಿಸಿ. ಮೊದಲು ಒಂದು ತಿಂಗಳು, ಆಮೇಲೆ ವರ್ಷ.

ಅಕ್ಕ ಇನ್ನೂ ದಾವಣಗೆರೆಯಲ್ಲೇ ಇದ್ದಾಳೆ. ಅಮ್ಮ ಈಗ ವಾಕರ್ ಇಲ್ಲದೆ ಗೇಟ್‌ವರೆಗೆ ನಡೀತಾರೆ. ಬಾಗಿಲ ಮೇಲಿನ ಲ್ಯಾನ್ ಕೇಬಲ್ ಬಗ್ಗೆ ಮಾತ್ರ ಪ್ರತಿ ಫೋನ್‌ನಲ್ಲೂ ಕೇಳ್ತಾರೆ, "ಅದನ್ನ ಯಾವಾಗ ತೆಗೀತೀಯ?"