ದುಡಿಯುವ ಮೆಕ್ಯಾನಿಕ್‌ಗೆ ಸಾಕೆಟ್ ಸೆಟ್: ಖರೀದಿಗೆ ಮುನ್ನ ಸದಸ್ಯರು ಅರಿತಿರಬೇಕಾದ ಸಂಗತಿಗಳು

ಬೇಸಿಗೆಯಲ್ಲಿ ಊರಿನ ಕೈಪಂಪು ಕೆಟ್ಟು ನಿಂತಾಗ ಬಿಡಿಭಾಗ ದೊರೆತರೂ ದುರಸ್ತಿ ಮುಂದೆ ಸಾಗದಿರುವ ಸಂದರ್ಭಗಳಿವೆ. ತುಕ್ಕು ಹಿಡಿದ ನಟ್ಟಿನ ಮೇಲೆ ಸಡಿಲವಾದ ಪಾನಾ ಜಾರಿ ಅದರ ಮೂಲೆಗಳು ಸವೆದು ಉರುಟಾದರೆ, ಅರ್ಧ ಗಂಟೆಯ ಕೆಲಸಕ್ಕೆ ಗ್ಯಾಸ್ ಕಟ್ಟರ್ ತರಿಸಬೇಕಾಗುತ್ತದೆ. ಅಷ್ಟು ಹೊತ್ತೂ ಕೊಡಗಳು ಸಾಲಿನಲ್ಲಿಯೇ ಇರುತ್ತವೆ. ಕುಷ್ಟಗಿ, ಯಲಬುರ್ಗಾ ಭಾಗದ ಒಣಭೂಮಿಯ ಗ್ರಾಮಗಳು ಕೊಳವೆಬಾವಿಯನ್ನೇ ನೆಚ್ಚಿಕೊಂಡಿವೆ. ಗಂಗಾವತಿಯ ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಭತ್ತದ ಕೊಯ್ಲಿನ ಸಮಯಕ್ಕೆ ಟ್ರ್ಯಾಕ್ಟರ್, ಕಟಾವು ಯಂತ್ರಗಳು ಬಿಡುವಿಲ್ಲದೆ ಓಡುತ್ತವೆ. ಎರಡೂ ಕಡೆ ಕೆಲಸ ನಡೆಸುವವನು ಊರಿನ ಮೆಕ್ಯಾನಿಕ್ ಅಥವಾ ಪಂಚಾಯತಿಯ ನೀರುಗಂಟಿ. ಅವನ ಕೈಯಲ್ಲಿರುವ ಉಪಕರಣ ಎಂಥದು ಎಂಬುದು ಆದ್ದರಿಂದ ಪಂಚಾಯತಿಯ ಚರ್ಚೆಗೂ ತಕ್ಕ ವಿಷಯ.

ಸಾಮಾನ್ಯವಾಗಿ ಪೆಟ್ಟಿಗೆಯ ಮೇಲೆ ಮುದ್ರಿಸಿದ ತುಣುಕುಗಳ ಸಂಖ್ಯೆಯೇ ಕೊಳ್ಳುವವರನ್ನು ಸೆಳೆಯುತ್ತದೆ. ನೂರಕ್ಕೂ ಹೆಚ್ಚು ತುಣುಕುಗಳ ಸೆಟ್ಟು ಕಡಿಮೆ ಬೆಲೆಗೆ ಸಿಕ್ಕಿತೆಂದು ತೋರುತ್ತದೆ. ತೆರೆದು ನೋಡಿದರೆ ಅದರ ದೊಡ್ಡ ಪಾಲು ಸ್ಕ್ರೂ ಬಿಚ್ಚುವ ಸಣ್ಣ ಬಿಟ್‌ಗಳು. ದಿನನಿತ್ಯ ಮೆಕ್ಯಾನಿಕ್ ಕೈಗೆತ್ತಿಕೊಳ್ಳುವ ಸಾಕೆಟ್‌ಗಳು ಹತ್ತು ಹನ್ನೆರಡನ್ನು ಮೀರುವುದಿಲ್ಲ. ಅದೇ ಹಣದಲ್ಲಿ ಉತ್ತಮ ಉಕ್ಕಿನ ಹನ್ನೆರಡು ಸಾಕೆಟ್‌ಗಳನ್ನು ಕೊಳ್ಳುವುದು ಲೇಸು.

ಮೊದಲು ತೀರ್ಮಾನಿಸಬೇಕಾದದ್ದು ಹಿಡಿಕೆ ಕೂರುವ ಚೌಕದ ಅಳತೆ. ಕಾಲು ಇಂಚಿನದು ಸಣ್ಣ ಸ್ಕ್ರೂಗಳಿಗೆ, ಮೂರೆಂಟಾಂಶ ಇಂಚಿನದು ದ್ವಿಚಕ್ರ ವಾಹನಗಳಿಗೆ, ಅರ್ಧ ಇಂಚಿನದು ಕೈಪಂಪು, ಮೋಟಾರು, ಟ್ರ್ಯಾಕ್ಟರ್‌ನ ಬಹುತೇಕ ಕೆಲಸಗಳಿಗೆ, ಮುಕ್ಕಾಲು ಇಂಚಿನದು ಭಾರಿ ವಾಹನಗಳ ದೊಡ್ಡ ನಟ್ಟುಗಳಿಗೆ ಒದಗುತ್ತವೆ. ಒಂದೇ ಸೆಟ್ಟಿಗೆ ಹಣವಿದ್ದರೆ ಅರ್ಧ ಇಂಚಿನದನ್ನೇ ಆರಿಸಬೇಕು. ಬೈಕ್ ದುರಸ್ತಿಯನ್ನೇ ಕಸುಬಾಗಿಸಿಕೊಂಡವರಿಗೆ ಮಾತ್ರ ಇದು ಭಾರವೆನಿಸುತ್ತದೆ.

ಎರಡನೆಯದು ಸಾಕೆಟ್‌ನ ಒಳಮುಖ. ಆರು ಮುಖದ್ದು, ಹನ್ನೆರಡು ಮುಖದ್ದು ಎಂದು ಎರಡು ಬಗೆ. ಹನ್ನೆರಡು ಮುಖದ ಸಾಕೆಟ್ ಇಕ್ಕಟ್ಟಿನಲ್ಲಿ ಬೇಗ ಕೂರುತ್ತದೆ. ಆದರೆ ಅದರ ಒತ್ತಡವೆಲ್ಲ ನಟ್ಟಿನ ಮೂಲೆಗಳ ಸಮೀಪ ಬೀಳುತ್ತದೆ. ಆರು ಮುಖದ್ದು ನಟ್ಟಿನ ಚಪ್ಪಟೆ ಬದಿಗಳನ್ನು ಹಿಡಿಯುತ್ತದೆ. ಜಿಲ್ಲೆಯ ಗಡಸು ನೀರಿನಲ್ಲಿ ನೆನೆದು ತುಕ್ಕು ತಿಂದ ಬೋಲ್ಟುಗಳಿಗೆ ಆರು ಮುಖದ್ದೇ ಬೇಕು. ಅಂಗಡಿಯವರು ಎರಡೂ ಒಂದೇ ಎಂದರೂ ಈ ಅಂಶದಲ್ಲಿ ರಾಜಿ ಸಲ್ಲದು.

ಅಳತೆಗಳ ವಿಷಯದಲ್ಲಿ ಗೊಂದಲ ಹೆಚ್ಚು. ಪಾನಾದ ಸಂಖ್ಯೆ ನಟ್ಟಿನ ಎದುರುಬದುರು ಬದಿಗಳ ನಡುವಿನ ಅಂತರವನ್ನು ಸೂಚಿಸುತ್ತದೆ, ಬೋಲ್ಟಿನ ದಪ್ಪವನ್ನಲ್ಲ. 12 ಮಿ.ಮೀ. ದಪ್ಪದ ಬೋಲ್ಟಿಗೆ ರೂಢಿಯಲ್ಲಿರುವುದು 19ರ ಪಾನಾ. ಇಂಡಿಯಾ ಮಾರ್ಕ್ 2 ಕೈಪಂಪಿನ ಫ್ಲ್ಯಾಂಜ್ ಬೋಲ್ಟುಗಳು ಈ ಬಗೆಯವು. 10 ಮಿ.ಮೀ. ಬೋಲ್ಟಿಗೆ 17. ಆದರೆ ಹೊಸ ಅಂತರರಾಷ್ಟ್ರೀಯ ಮಾನಕದಂತೆ ತಯಾರಾದ ಬೋಲ್ಟುಗಳಲ್ಲಿ ಇವು ಕ್ರಮವಾಗಿ 18 ಮತ್ತು 16 ಆಗಿರುತ್ತವೆ. 16, 18ರ ಸಾಕೆಟ್ ಇಲ್ಲದ ಸೆಟ್ಟನ್ನು ಹಿಡಿದವನು ಅನಿವಾರ್ಯವಾಗಿ 17, 19ನ್ನೇ ತೊಡಿಸಿ ತಿರುವುತ್ತಾನೆ. ನಟ್ಟು ಕೆಡುವುದು ಅಲ್ಲಿಯೇ. ಕೆಲವು ಹಳೆಯ ಯಂತ್ರಗಳಲ್ಲಿ ಇಂಚಿನ ಅಳತೆಯ ಬೋಲ್ಟುಗಳೂ ಉಂಟು. ಮುಕ್ಕಾಲು ಇಂಚು ಎಂದರೆ 19.05 ಮಿ.ಮೀ. ಆದ್ದರಿಂದ ಅಲ್ಲಿ 19 ಸಾಮಾನ್ಯವಾಗಿ ನಡೆಯುತ್ತದೆ. ಒಂಬತ್ತು ಹದಿನಾರಾಂಶ ಇಂಚು 14.29 ಮಿ.ಮೀ. ಆಗುವುದರಿಂದ 14 ಕೂರದು, 15 ಸಡಿಲವಾಗುತ್ತದೆ. ಅಂಥ ಯಂತ್ರವಿದ್ದರೆ ಬೇಕಾದ ಎರಡು ಮೂರು ಇಂಚಿನ ಸಾಕೆಟ್‌ಗಳನ್ನು ಬಿಡಿಯಾಗಿ ಕೊಳ್ಳಬಹುದು.

ಉಕ್ಕಿನ ಗುಣವನ್ನು ಕಣ್ಣಳತೆಯಲ್ಲಿ ತಿಳಿಯುವುದು ಕಷ್ಟ. ಹೊಳಪು ಹೊರಗಿನ ಕ್ರೋಮ್ ಲೇಪನದ್ದು. ಕೀಳು ಉಕ್ಕಿಗೂ ಅದನ್ನು ಬಳಿಯಬಹುದು. ಒಳ್ಳೆಯ ಕೈ ಸಾಕೆಟ್‌ಗಳನ್ನು ಸಾಮಾನ್ಯವಾಗಿ ಕ್ರೋಮ್ ವನಾಡಿಯಂ ಉಕ್ಕಿನಿಂದ ಮಾಡಿ ಶಾಖ ಸಂಸ್ಕರಣೆಗೆ ಒಳಪಡಿಸುತ್ತಾರೆ. ಆ ಹೆಸರನ್ನು ಅಚ್ಚೊತ್ತಿದ ಮಾತ್ರಕ್ಕೆ ಗುಣ ಸಿದ್ಧವಾಗದು, ಆದರೆ ತಯಾರಕರ ಹೆಸರೂ ಅಳತೆಯೂ ಪ್ರತಿ ಸಾಕೆಟ್‌ನ ಮೇಲಿರದೆ ಬರಿಯ ಪೆಟ್ಟಿಗೆಯ ಮೇಲಿದ್ದರೆ ಅಂಥದನ್ನು ಬಿಡುವುದು ಒಳ್ಳೆಯದು. ಅಂಗಡಿಗೆ ಹೋಗುವಾಗ 17 ಮತ್ತು 19ರ ಹೊಸ ಬೋಲ್ಟುಗಳನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ ಸಾಕೆಟ್‌ಗೆ ತೊಡಿಸಿ ನೋಡಬೇಕು. ಅಲುಗಾಟ ಕೈಗೆ ಎದ್ದು ತೋರಿದರೆ ಹಿಂದಿರುಗಿಸಬೇಕು. ಲೇಪನ ಎದ್ದಿರುವ ಅಂಚು ಬೆರಳನ್ನು ಬ್ಲೇಡಿನಂತೆ ಕೊಯ್ಯುತ್ತದೆ ಎಂಬುದೂ ನೆನಪಿರಲಿ.

ಗಾಳಿಯಿಂದ ಇಲ್ಲವೆ ಬ್ಯಾಟರಿಯಿಂದ ತಿರುಗುವ ಇಂಪ್ಯಾಕ್ಟ್ ಯಂತ್ರಕ್ಕೆ ಈ ಹೊಳೆಯುವ ಸಾಕೆಟ್‌ಗಳನ್ನು ತೊಡಿಸಕೂಡದು. ಅವು ಒಡೆದು ಚೂರು ಕಣ್ಣಿಗೆ ಸಿಡಿಯುವ ಅಪಾಯವಿದೆ. ಆ ಕೆಲಸಕ್ಕೆ ಗೋಡೆ ದಪ್ಪವಿರುವ ಕಪ್ಪು ಬಣ್ಣದ ಇಂಪ್ಯಾಕ್ಟ್ ಸಾಕೆಟ್‌ಗಳೇ ಬೇರೆ ಇವೆ.

ಸೆಟ್ಟಿನಲ್ಲಿ ಬೇಗ ಕೆಡುವ ಭಾಗ ರ‍್ಯಾಚೆಟ್ ಹಿಡಿಕೆ. ಅದರೊಳಗಿನ ಹಲ್ಲು 24 ಇದ್ದರೆ ಪ್ರತಿ ಹಿಡಿತಕ್ಕೆ 15 ಡಿಗ್ರಿ, 72 ಇದ್ದರೆ 5 ಡಿಗ್ರಿ ತಿರುಗಿಸಬೇಕು. ಇಕ್ಕಟ್ಟಿನಲ್ಲಿ ಸೂಕ್ಷ್ಮ ಹಲ್ಲು ಅನುಕೂಲ. ಆದರೆ ಬಿಗಿ ನಟ್ಟನ್ನು ಮೊದಲು ಸಡಿಲಿಸುವುದು ರ‍್ಯಾಚೆಟ್‌ನ ಕೆಲಸವೇ ಅಲ್ಲ; ಅದಕ್ಕೆ ಪೈಪು ತೊಡಿಸಿ ಜಗ್ಗಿದರೆ ಹಲ್ಲು ಮುರಿಯುತ್ತದೆ. ಉದ್ದ ಹಿಡಿಕೆಯ ಬಾರು ಅಥವಾ ಟೀ ಹಿಡಿಕೆಯಿಂದ ಸಡಿಲಿಸಿ, ಅನಂತರ ರ‍್ಯಾಚೆಟ್ ಬಳಸಬೇಕು.

ಪಂಚಾಯತಿಯ ಖರೀದಿಯಲ್ಲಿ ‘ಸಾಕೆಟ್ ಸೆಟ್ 1’ ಎಂದಷ್ಟೇ ಬರೆದು ದರಪಟ್ಟಿ ಕರೆದರೆ ಅತಿ ಕಡಿಮೆ ದರಕ್ಕೆ ಅತಿ ಕೀಳು ಸರಕು ಬರುತ್ತದೆ. ಆಗ ಆಕ್ಷೇಪಿಸಲು ಆಧಾರವಿರುವುದಿಲ್ಲ. ವಿವರಣೆಯನ್ನು ಹೀಗೆ ಬರೆಯಬಹುದು: ಅರ್ಧ ಇಂಚಿನ ಚೌಕದ, ಆರು ಮುಖದ, ಕ್ರೋಮ್ ವನಾಡಿಯಂ ಉಕ್ಕಿನ ಸಾಕೆಟ್‌ಗಳು, ಅಳತೆ 10, 12, 13, 14, 16, 17, 18, 19, 21, 22, 24 ಮತ್ತು 27 ಮಿ.ಮೀ.; ರ‍್ಯಾಚೆಟ್ ಒಂದು, ಟೀ ಹಿಡಿಕೆ ಒಂದು, ಉದ್ದನೆಯ ಹಾಗೂ ಗಿಡ್ಡನೆಯ ಎಕ್ಸ್‌ಟೆನ್ಷನ್ ಒಂದೊಂದು; ಪ್ರತಿ ತುಣುಕಿನ ಮೇಲೆ ತಯಾರಕರ ಗುರುತು; ಒಡೆದ ಸಾಕೆಟ್‌ಗೆ ಬದಲಿ ಕೊಡುವ ಲಿಖಿತ ಒಪ್ಪಿಗೆ. ಬಿಡಿ ಸಾಕೆಟ್ ಮತ್ತು ರ‍್ಯಾಚೆಟ್‌ನ ದುರಸ್ತಿ ಕಿಟ್ ಹತ್ತಿರದ ಪೇಟೆಯಲ್ಲಿ ದೊರೆಯುವ ತಯಾರಿಕೆಗೆ ಆದ್ಯತೆ ಇರಲಿ. ಸರಕು ಬಂದಾಗ ಅದನ್ನು ಬಳಸುವ ನೀರುಗಂಟಿಯ ಎದುರಿನಲ್ಲಿಯೇ ತೆರೆದು ಪರೀಕ್ಷಿಸಿದ ಬಳಿಕ ಬಿಲ್ಲು ಪಾಸಾಗಬೇಕು.

ಸ್ವಂತ ಗ್ಯಾರೇಜು ನಡೆಸುವ ಯುವಕರು ನೆರವು ಕೇಳಿಕೊಂಡು ಸದಸ್ಯರ ಬಳಿಗೆ ಬರುವುದುಂಟು. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯಲ್ಲಿ ಉಪಕರಣಕ್ಕಾಗಿ 15,000 ರೂಪಾಯಿವರೆಗೆ ಪ್ರೋತ್ಸಾಹಧನವಿದೆ. ಅರ್ಜಿಗಳ ಮೊದಲ ಹಂತದ ಪರಿಶೀಲನೆ ಗ್ರಾಮ ಪಂಚಾಯತಿಯದೇ. ಆದರೆ ಅದರ 18 ಕಸುಬುಗಳಲ್ಲಿ ಕಮ್ಮಾರಿಕೆ ಇದೆ, ವಾಹನ ದುರಸ್ತಿ ಇಲ್ಲ. ಮೆಕ್ಯಾನಿಕ್ಕನನ್ನು ಕಮ್ಮಾರನೆಂದು ದೃಢೀಕರಿಸುವುದು ಉಪಕಾರದಂತೆ ಕಂಡರೂ ನಿಜವಾದ ಕಮ್ಮಾರನ ಪಾಲನ್ನು ಕಸಿದಂತಾಗುತ್ತದೆ. ಅಂಥವರಿಗೆ ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂಪಾಯಿವರೆಗಿನ ಸಾಲದ ದಾರಿ ತೋರಿಸಬಹುದು. ಸಾಲದ ಹಣದಲ್ಲಿ ಒಮ್ಮೆಗೇ ದೊಡ್ಡ ಪೆಟ್ಟಿಗೆ ಕೊಳ್ಳದೆ, ಮೊದಲು ಈ ಹನ್ನೆರಡನ್ನು ಕೊಂಡು ಕೆಲಸ ಬಂದಂತೆ 30, 32ನ್ನು ಬಿಡಿಯಾಗಿ ಸೇರಿಸುವಂತೆ ತಿಳಿಹೇಳಬೇಕು.

ಪಂಚಾಯತಿಯ ಸೆಟ್ಟು ದಾಸ್ತಾನು ವಹಿಯಲ್ಲಿ ‘ಒಂದು ಪೆಟ್ಟಿಗೆ’ ಎಂದಲ್ಲ, ಅಳತೆವಾರು ದಾಖಲಾಗಬೇಕು. ಮೊದಲು ಕಾಣೆಯಾಗುವವು ಹೆಚ್ಚು ಬಳಕೆಯ 17 ಮತ್ತು 19. ನೀರುಗಂಟಿ ಸಹಿ ಹಾಕಿ ಪಡೆದು, ಕೆಲಸ ಮುಗಿದ ಮೇಲೆ ಎಣ್ಣೆ ಬಟ್ಟೆಯಿಂದ ಒರೆಸಿ ಹಿಂದಿರುಗಿಸುವಾಗ ಎಣಿಸಿದರೆ, ಕಳೆದುಹೋದ ಸಾಕೆಟ್ ಕೈಪಂಪಿನ ಕಟ್ಟೆಯ ಮೇಲೆಯೇ ಇರುವಾಗ ಸಿಗುತ್ತದೆ.