ಔಷಧಿಗೆ ಸಾಯದ ಹುಳು: ಜಿಗಿಯುವ ವಂಶವಾಹಿಗಳ ಪಾತ್ರ

"ಹೋದ ವರ್ಷ ಇದೇ ಔಷಧಿಗೆ ಹುಳು ಉದುರಿ ಬಿದ್ದಿತ್ತು, ಈ ವರ್ಷ ಎರಡು ಸಲ ಹೊಡೆದರೂ ಜಗ್ಗುತ್ತಿಲ್ಲ" ಎಂಬ ಮಾತನ್ನು ಹತ್ತಿ ಮತ್ತು ತರಕಾರಿ ಬೆಳೆಯುವ ರೈತರಿಂದ ಆಗಾಗ ಕೇಳುತ್ತೇವೆ. ಔಷಧಿ ಕಲಬೆರಕೆಯಾಗಿರಬಹುದು, ಪ್ರಮಾಣ ತಪ್ಪಿರಬಹುದು, ದ್ರಾವಣ ಎಲೆಯ ತಳಭಾಗಕ್ಕೆ ತಲುಪದೇ ಇರಬಹುದು. ಇವೆಲ್ಲ ಸರಿಯಿದ್ದೂ ಹುಳು ಸಾಯದಿದ್ದರೆ ಅದು ನಿರೋಧಕ ಶಕ್ತಿ ಪಡೆದಿರುವ ಸಂಭವ ಹೆಚ್ಚು. ಈ ಶಕ್ತಿ ಬರುವ ದಾರಿಗಳು ಹಲವು. ಅವುಗಳಲ್ಲಿ ಒಂದನ್ನು ಇಲ್ಲಿ ವಿವರಿಸಲಾಗಿದೆ.

ಜಿಗಿಯುವ ವಂಶವಾಹಿ ಎಂದರೇನು?

ಜೀವಿಯ ಗುಣಗಳನ್ನು ನಿರ್ಧರಿಸುವ ವಂಶವಾಹಿಗಳು ಅಥವಾ ಜೀನುಗಳು ವರ್ಣತಂತುಗಳ ಮೇಲೆ ಸಾಲಾಗಿ ಇರುತ್ತವೆ. ಇವು ತಮ್ಮ ಸ್ಥಾನ ಬಿಟ್ಟು ಕದಲುವುದಿಲ್ಲವೆಂದು ಬಹುಕಾಲ ನಂಬಲಾಗಿತ್ತು. ಅಮೆರಿಕದ ಬಾರ್ಬರಾ ಮೆಕ್ಲಿಂಟಾಕ್ ಎಂಬ ವಿಜ್ಞಾನಿ 1940ರ ದಶಕದಲ್ಲಿ ಗೋವಿನ ಜೋಳದ ಕಾಳುಗಳ ಮೇಲಿನ ಬಣ್ಣದ ಚುಕ್ಕೆಗಳನ್ನು ಅಭ್ಯಾಸ ಮಾಡಿ, ಕೆಲವು ತುಣುಕುಗಳು ಒಂದೆಡೆಯಿಂದ ಇನ್ನೊಂದೆಡೆಗೆ ಜಿಗಿಯುತ್ತವೆಂದು ಕಂಡುಹಿಡಿದರು. ಮೊದಲು ಹಲವರು ಇದನ್ನು ನಂಬಲಿಲ್ಲ. ಕೊನೆಗೆ 1983ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಈ ತುಣುಕುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಭತ್ತದ ಸಸಿಯನ್ನು ಮಡಿಯಿಂದ ಕಿತ್ತು ಗದ್ದೆಯಲ್ಲಿ ನೆಡುವಂತೆ, ಒಂದು ಬಗೆಯವು ಮೊದಲಿನ ಜಾಗ ಬಿಟ್ಟು ಹೊಸ ಜಾಗ ಸೇರುತ್ತವೆ. ಹಿಪ್ಪುನೇರಳೆಯ ತಾಯಿಗಿಡ ಹಾಗೆಯೇ ಉಳಿದು ಅದರ ಕಡ್ಡಿ ಬೇರೆ ಕಡೆ ಬೇರೂರುವಂತೆ, ಇನ್ನೊಂದು ಬಗೆಯವು ತಮ್ಮ ಪ್ರತಿಯನ್ನು ಮಾತ್ರ ಕಳುಹಿಸುತ್ತವೆ. ಇಂತಹ ಪ್ರತಿಗಳು ಕಾಲಾಂತರದಲ್ಲಿ ಹೆಚ್ಚುತ್ತಾ ಹೋಗುತ್ತವೆ. ರೇಷ್ಮೆ ಹುಳುವಿನ ವಂಶದ್ರವ್ಯದಲ್ಲಿ ಶೇಕಡ 40ಕ್ಕೂ ಹೆಚ್ಚು ಭಾಗ ಜಿಗಿಯುವ ತುಣುಕುಗಳು ಅಥವಾ ಅವುಗಳ ಅವಶೇಷಗಳೇ ಆಗಿವೆ.

ತುಣುಕು ಹೋಗಿ ಕೂಡುವ ಜಾಗ ಮುಖ್ಯ. ಒಂದು ಜೀನಿನ ನಡುವೆ ಕುಳಿತರೆ ಆ ಜೀನು ಕೆಡುತ್ತದೆ. ಪಕ್ಕದಲ್ಲಿ ಕುಳಿತರೆ ಕಾಲುವೆಯ ತೂಬು ಎತ್ತಿದಂತೆ ಜೀನಿನ ಕೆಲಸ ಹೆಚ್ಚಬಹುದು. ಹಲವು ಜಿಗಿತಗಳಿಂದ ಕೀಟಕ್ಕೆ ಹಾನಿಯೇ ಹೊರತು ಲಾಭವಿಲ್ಲ. ಅಪರೂಪಕ್ಕೆ ಒಂದು ಮಾತ್ರ ಅದರ ಜೀವ ಉಳಿಸುತ್ತದೆ.

ಹಣ್ಣಿನ ನೊಣದಲ್ಲಿ ಕಂಡದ್ದು

ಕೊಳೆತ ಬಾಳೆಹಣ್ಣಿಗೆ ಮುತ್ತುವ ಡ್ರೊಸೊಫಿಲ ಎಂಬ ಸಣ್ಣ ನೊಣದಲ್ಲಿ ಈ ವಿಷಯ ಸ್ಪಷ್ಟವಾಗಿ ತಿಳಿದುಬಂದಿದೆ. ವಿಷವನ್ನು ಒಡೆದು ಹಾಕುವ ಕಿಣ್ವವೊಂದನ್ನು ಅದರ ಒಂದು ಜೀನು ತಯಾರಿಸುತ್ತದೆ. ಆ ಜೀನಿನ ಪಕ್ಕದಲ್ಲಿ 'ಅಕಾರ್ಡ್' ಎಂಬ ತುಣುಕು ಬಂದು ಕುಳಿತಿರುವ ನೊಣಗಳಲ್ಲಿ ಕಿಣ್ವ ಹೆಚ್ಚಾಗಿ ತಯಾರಾಗಿ, ಡಿ.ಡಿ.ಟಿ. ನಾಟುವುದಿಲ್ಲವೆಂದು 2002ರಲ್ಲಿ ಪ್ರಕಟವಾಯಿತು. ಇದೇ ಕಿಣ್ವ ಬಹಳ ಕಾಲದ ನಂತರ ಬಳಕೆಗೆ ಬಂದ ಇಮಿಡಾಕ್ಲೋಪ್ರಿಡ್‌ಗೂ ನೊಣವನ್ನು ಸ್ವಲ್ಪಮಟ್ಟಿಗೆ ಒಗ್ಗಿಸುತ್ತದೆ. ಒಂದು ಔಷಧಿಗೆ ಗಟ್ಟಿಯಾದ ಕೀಟ ತಾನು ಕಂಡರಿಯದ ಮತ್ತೊಂದಕ್ಕೂ ಗಟ್ಟಿಯಾಗಬಹುದು ಎಂಬುದಕ್ಕೆ ಇದು ನಿದರ್ಶನ.

ಹತ್ತಿಯ ಹುಳುವಿನಲ್ಲಿ ಕಂಡದ್ದು

ಬಿಟಿ ಹತ್ತಿಯಲ್ಲಿರುವ ನಂಜು ಹುಳುವಿನ ಕರುಳಿನ ಕ್ಯಾಡ್ಹೆರಿನ್ ಎಂಬ ಸಸಾರಜನಕಕ್ಕೆ, ಬೀಗಕ್ಕೆ ಕೀಲಿ ಕೂಡುವಂತೆ, ಅಂಟಿಕೊಂಡು ಕೊಲ್ಲುತ್ತದೆ. ನಮ್ಮ ಹಸಿರು ಕಾಯಿಕೊರಕದ ಹತ್ತಿರದ ಸಂಬಂಧಿಯಾದ ಅಮೆರಿಕದ ತಂಬಾಕು ಮೊಗ್ಗು ಕೊರಕದ ಒಂದು ನಿರೋಧಕ ತಳಿಯಲ್ಲಿ, ಜಿಗಿಯುವ ತುಣುಕೊಂದು ಈ ಜೀನಿನೊಳಗೆ ಸೇರಿ ಬೀಗವನ್ನೇ ಕೆಡಿಸಿರುವುದು 2001ರಲ್ಲಿ ಕಂಡುಬಂತು.

ನಮ್ಮ ದೇಶದಲ್ಲಿ ಬಿಟಿ ಹತ್ತಿ 2002ರಲ್ಲಿ ಬಂತು. 2010ರ ಹೊತ್ತಿಗೆ ಗುಜರಾತಿನ ಗುಲಾಬಿ ಕಾಯಿಕೊರಕ ಮೊದಲ ಪೀಳಿಗೆಯ ಬಿಟಿ ನಂಜಿಗೆ ಮಣಿಯುತ್ತಿಲ್ಲವೆಂದು ವರದಿಯಾಯಿತು. ಇದರಲ್ಲಿಯೂ ಕ್ಯಾಡ್ಹೆರಿನ್ ಜೀನು ಕೆಟ್ಟಿರುವುದು ಮುಂದೆ ತಿಳಿಯಿತು. ಆದರೆ ಜೀನು ಕೆಡಲು ಜಿಗಿತವೊಂದೇ ಕಾರಣವಲ್ಲ, ಬೇರೆ ಬಗೆಯ ಬದಲಾವಣೆಗಳೂ ಇವೆ.

ಸಿಂಪರಣೆಯ ಪಾತ್ರವೇನು?

ಔಷಧಿ ಕುಡಿದು ಕುಡಿದು ಹುಳು ಗಟ್ಟಿಯಾಯಿತು ಎಂದು ಹೇಳುವುದು ವಾಡಿಕೆ. ಇದು ಪೂರ್ತಿ ಸರಿಯಲ್ಲ. ಹಣ್ಣಿನ ನೊಣವನ್ನು ಸಾವಯವ ರಂಜಕ ವರ್ಗದ ಕೀಟನಾಶಕದಿಂದ ಕಾಪಾಡುವ ಮತ್ತೊಂದು ಜಿಗಿತವನ್ನು 2005ರಲ್ಲಿ ಗುರುತಿಸಲಾಯಿತು. ಅದು ಈ ಔಷಧಿಗಳು ತಯಾರಾಗುವುದಕ್ಕೆ ಸಾವಿರಾರು ವರ್ಷ ಮೊದಲೇ ಆಗಿತ್ತು! ಅಂದರೆ ಬದಲಾವಣೆ ತನ್ನಷ್ಟಕ್ಕೆ ಆಗುತ್ತದೆ, ಲಕ್ಷಾಂತರ ಹುಳುಗಳಲ್ಲಿ ಎಲ್ಲೋ ಒಂದೆರಡರಲ್ಲಿ ಅಡಗಿರುತ್ತದೆ. ಒಂದೇ ಔಷಧಿಯನ್ನು ಮತ್ತೆ ಮತ್ತೆ ಸಿಂಪಡಿಸಿದಾಗ ಉಳಿದವು ಸತ್ತು ಇವು ಮಾತ್ರ ಬದುಕಿ ಸಂತತಿ ಬೆಳೆಸುತ್ತವೆ. ನಾವು ಬಿತ್ತನೆಗೆ ಒಳ್ಳೆಯ ತೆನೆ ಆರಿಸುವಂತೆ, ತಿಳಿಯದೆ ಗಟ್ಟಿ ಹುಳುವನ್ನು ಆರಿಸಿ ಬೆಳೆಸುತ್ತಿದ್ದೇವೆ. ಜಿಗಿತವನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ. ಆಯ್ಕೆಯನ್ನು ತಡೆಯುವುದು ನಮ್ಮ ಕೈಯಲ್ಲಿದೆ.

ರೈತರು ಅನುಸರಿಸಬೇಕಾದ ಕ್ರಮಗಳು

1. ವ್ಯಾಪಾರದ ಹೆಸರು ಬೇರೆಯಾದರೂ ಒಳಗಿನ ಮದ್ದು ಒಂದೇ ಇರಬಹುದು. ಡಬ್ಬಿಯ ಮೇಲಿನ ರಾಸಾಯನಿಕ ಹೆಸರನ್ನು ಓದಿ, ಮುಂದಿನ ಸಿಂಪರಣೆಗೆ ಬೇರೆ ವರ್ಗದ ಔಷಧಿಯನ್ನು ಆರಿಸಿರಿ. ಯಾವುದು ಯಾವ ವರ್ಗಕ್ಕೆ ಸೇರಿದ್ದೆಂದು ಕೃಷಿ ಅಧಿಕಾರಿಗಳಿಂದ ತಿಳಿಯಿರಿ.

2. ಹುಳು ಸಾಯಲಿಲ್ಲವೆಂದು ಪ್ರಮಾಣ ಹೆಚ್ಚಿಸುವುದಾಗಲಿ, ಎರಡು ಮೂರು ಔಷಧಿಗಳನ್ನು ಮನಬಂದಂತೆ ಬೆರೆಸುವುದಾಗಲಿ ಕೂಡದು.

3. ಹತ್ತಿಯಲ್ಲಿ ಗುಲಾಬಿ ಕಾಯಿಕೊರಕದ ಮೋಹಕ ಬಲೆಗಳನ್ನು ಹೆಕ್ಟೇರಿಗೆ 5ರಂತೆ ಕಟ್ಟಿರಿ. ಒಂದು ಬಲೆಗೆ ರಾತ್ರಿಗೆ 8 ಪತಂಗಗಳಂತೆ ಸತತ 3 ರಾತ್ರಿ ಬಿದ್ದರೆ ಮಾತ್ರ ಸಿಂಪರಣೆ ಅಗತ್ಯ.

4. ಬಿಟಿಯಲ್ಲದ ಹತ್ತಿ ಬೀಜವನ್ನು ಬೇರೆಯಾಗಿ ಕೊಟ್ಟಿದ್ದರೆ ಹೊಲದ ಸುತ್ತ ಬಿತ್ತಿರಿ, ಬೆರೆಸಿ ಕೊಟ್ಟಿದ್ದರೆ ಹಾಗೆಯೇ ಬಿತ್ತಿರಿ. ಆ ಗಿಡಗಳ ಮೇಲೆ ಬೆಳೆದ ಸಾಧಾರಣ ಪತಂಗಗಳು ಗಟ್ಟಿ ಪತಂಗಗಳೊಡನೆ ಕೂಡುತ್ತವೆ. ಹುಟ್ಟುವ ಮರಿಗೆ ಒಂದು ಕೆಟ್ಟ ಜೀನಿನ ಜೊತೆಗೆ ಒಂದು ಸರಿಯಾದ ಜೀನೂ ಸಿಗುವುದರಿಂದ ಅದು ಸಾಮಾನ್ಯವಾಗಿ ಬಿಟಿಗೆ ಸಾಯುತ್ತದೆ. ಹಸಿರು ಕಾಯಿಕೊರಕದ ವಿರುದ್ಧ ಬಿಟಿಯ ಶಕ್ತಿ ಉಳಿಯಲು ಇದು ಅವಶ್ಯ.

5. ಕೊಯ್ಲಾದ ಮೇಲೆ ಕೂಳೆಗೆ ನೀರು ಕೊಟ್ಟು ಬೆಳೆ ಮುಂದುವರಿಸಬೇಡಿ. ಕಟ್ಟಿಗೆಯನ್ನು ಕಿತ್ತು, ಉಳಿದ ಕಾಯಿಗಳನ್ನು ನಾಶಪಡಿಸಿರಿ.

ಗಟ್ಟಿ ಹುಳುವಿನ ಪತಂಗಕ್ಕೆ ಬದುವಿನ ಗಡಿಯಿಲ್ಲ. ಒಬ್ಬರ ಹೊಲದಲ್ಲಿ ಉಳಿದದ್ದು ಪಕ್ಕದವರ ಹೊಲದಲ್ಲಿ ಮೊಟ್ಟೆಯಿಡುತ್ತದೆ. ಆದುದರಿಂದ ಈ ಕ್ರಮಗಳನ್ನು ಊರಿನವರೆಲ್ಲ ಕೂಡಿ ಅನುಸರಿಸಿದರೆ ಮಾತ್ರ ಪೂರ್ಣ ಪ್ರಯೋಜನ ದೊರೆಯುತ್ತದೆ.